ಪಾಠ ಮನೆಯಲ್ಲಿ, ಹೋಂವರ್ಕ್ ಶಾಲೆಯಲ್ಲಿ

ರಾತ್ರಿ ಎಂಟು ಗಂಟೆ. ಅಡುಗೆ ಕೋಣೆಯಲ್ಲಿ ಕುಕ್ಕರ್ ಕೂಗುತ್ತಿದೆ. ಏಳನೇ ತರಗತಿಯ ಹುಡುಗಿ ನೋಟ್ ಪುಸ್ತಕ ಹಿಡಿದು ಬಾಗಿಲ ಬಳಿ ನಿಂತಿದ್ದಾಳೆ.

“ಉಮ್ಮಾ, ಈ ಲೆಕ್ಕ ಬರುವುದಿಲ್ಲ.”

“ಶಾಲೆಯಲ್ಲಿ ಹೇಳಿ ಕೊಡಲಿಲ್ಲವಾ?”

“ಕೊಟ್ಟಿದ್ದಾರೆ. ಆಗ ಗೊತ್ತಾಗಿತ್ತು. ಈಗ ಗೊತ್ತಾಗುವುದಿಲ್ಲ.”

“ನನಗೆ ಇದೆಲ್ಲ ಎಲ್ಲಿ ಗೊತ್ತು ಮಗಳೇ? ನಾನು ಐದನೇ ಕ್ಲಾಸಿಗೇ ಬಿಟ್ಟವಳು. ಅಣ್ಣ ಬಂದ ಮೇಲೆ ಕೇಳು.”

ಅಣ್ಣ ಅಂಗಡಿಯಿಂದ ಬರುವಾಗ ಹತ್ತು ಗಂಟೆ. ಅಷ್ಟರಲ್ಲಿ ಹುಡುಗಿ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗಿರುತ್ತಾಳೆ. ಬೆಳಿಗ್ಗೆ ಶಾಲೆಗೆ ಬೇಗ ಹೋಗಿ ಗೆಳತಿಯ ಪುಸ್ತಕ ನೋಡಿ ಬರೆದುಕೊಳ್ಳುತ್ತಾಳೆ, ಇಲ್ಲವೇ ಬೈಗುಳ ತಿನ್ನುತ್ತಾಳೆ.

ಲೆಕ್ಕ ಬಹಳ ದೊಡ್ಡದೇನಲ್ಲ. ಒಂದು ಸಂಖ್ಯೆಯ ಮೂರು ಪಟ್ಟಿಗೆ 7 ಕೂಡಿಸಿದರೆ 25 ಬರುತ್ತದೆ, ಆ ಸಂಖ್ಯೆ ಯಾವುದು? ಹುಡುಗಿ 25ಕ್ಕೆ 7 ಕೂಡಿಸಿ 32 ಮಾಡಿದ್ದಾಳೆ. ಅದು ಮೂರರಿಂದ ಭಾಗವಾಗುವುದಿಲ್ಲ. ಅಲ್ಲಿಗೆ ನಿಂತಿದ್ದಾಳೆ. ಗೊತ್ತಿದ್ದವರು ಯಾರಾದರೂ ಪಕ್ಕದಲ್ಲಿ ಕುಳಿತು, “ಕೂಡಿಸಿದ ಏಳನ್ನು ತೆಗೆಯಬೇಕಾದರೆ ಏನು ಮಾಡಬೇಕು?” ಎಂದು ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು. 25ರಿಂದ 7 ಹೋದರೆ 18, ಅದರ ಮೂರನೇ ಒಂದು ಭಾಗ 6 ಎಂದು ಅವಳೇ ಹೇಳುತ್ತಿದ್ದಳು. ಅರ್ಧ ನಿಮಿಷದ ಕೆಲಸ. ಆದರೆ ಆ ಅರ್ಧ ನಿಮಿಷಕ್ಕೆ ಬೇಕಾದ ಮನುಷ್ಯ ಆ ಹೊತ್ತಿಗೆ ಆ ಮನೆಯಲ್ಲಿಲ್ಲ.

ನಾನು ಅನೇಕ ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಮೂವತ್ತೈದು ನಿಮಿಷ ಬೋರ್ಡಿನ ಮುಂದೆ ನಿಂತು ಮಾತಾಡುತ್ತಿದ್ದೆ. “ಅರ್ಥವಾಯಿತಾ?” ಎಂದು ಕೇಳಿದರೆ ಇಡೀ ತರಗತಿ, “ಆಯ್ತು ಟೀಚರ್” ಎನ್ನುತ್ತಿತ್ತು. ಕೊನೆಯ ಐದು ನಿಮಿಷದಲ್ಲಿ ಹತ್ತು ಲೆಕ್ಕ ಗುರುತು ಹಾಕಿ ಮನೆಗೆ ಕಳುಹಿಸುತ್ತಿದ್ದೆ. ಮರುದಿನ ಹೋಂವರ್ಕ್ ಮಾಡಿ ಬಂದವರಿಗೆ ಶಹಬ್ಬಾಸ್, ಮಾಡದವರು ಎದ್ದು ನಿಲ್ಲಬೇಕು. ಹಾಗೆ ಎದ್ದು ನಿಲ್ಲುತ್ತಿದ್ದವರು ಹೆಚ್ಚಾಗಿ ಅದೇ ಐದಾರು ಮಕ್ಕಳು. ಅವರೆಲ್ಲ ಸೋಮಾರಿಗಳೆಂದೇ ನಾನು ತಿಳಿದಿದ್ದೆ. ಅವರ ಮನೆಯಲ್ಲಿ ಕಲಿತವರು ಯಾರೂ ಇಲ್ಲ, ಟ್ಯೂಶನ್‌ಗೆ ಕಳುಹಿಸುವ ಶಕ್ತಿಯಿಲ್ಲ ಎಂಬುದು ಗಮನಕ್ಕೆ ಬರುವಾಗ ವರ್ಷಗಳೇ ಕಳೆದಿದ್ದವು. ಹೋಂವರ್ಕ್ ಎಂಬ ಹೆಸರಿನಲ್ಲಿ ನಾನು ಅಂಕ ಕೊಡುತ್ತಿದ್ದುದು ಮಗುವಿಗಲ್ಲ, ಅದರ ಮನೆಗೆ. ಈ ಮಾತನ್ನು ಒಪ್ಪಿಕೊಳ್ಳಲು ಇಂದಿಗೂ ಕಷ್ಟವಾಗುತ್ತದೆ.

ಈ ಸಲ ಬರೆಯಲು ಹೊರಟಿರುವುದು ಈ ಕ್ರಮವನ್ನೇ ತಿರುಗಿಸಿ ಹಾಕಿದ ಒಂದು ಪದ್ಧತಿಯ ಬಗ್ಗೆ. ಅದರ ಹೆಸರು ‘ಫ್ಲಿಪ್ಡ್ ಕ್ಲಾಸ್‌ರೂಂ’. ಕಾವಲಿಯ ಮೇಲಿನ ದೋಸೆಯನ್ನು ಮಗುಚಿ ಹಾಕುತ್ತೇವಲ್ಲ, ಹಾಗೆಯೇ ಇದು ‘ಮಗುಚಿದ ತರಗತಿ’. ಶಾಲೆಯಲ್ಲಿ ಕೇಳುತ್ತಿದ್ದ ಪಾಠವನ್ನು ಮಗು ಮನೆಯಲ್ಲಿ ಕೇಳಿಕೊಂಡು ಬರುತ್ತದೆ. ಮನೆಯಲ್ಲಿ ಒಬ್ಬಂಟಿಯಾಗಿ ಮಾಡುತ್ತಿದ್ದ ಲೆಕ್ಕವನ್ನು ಶಾಲೆಯಲ್ಲಿ, ಟೀಚರ್ ಎದುರಿನಲ್ಲಿ ಮಾಡುತ್ತದೆ.

ಬೆಟ್ಟದೂರಿನ ಇಬ್ಬರು ಅಧ್ಯಾಪಕರು

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ವುಡ್‌ಲ್ಯಾಂಡ್ ಪಾರ್ಕ್ ಎಂಬ ಬೆಟ್ಟದ ಊರಿದೆ. ಅಲ್ಲಿನ ಹೈಸ್ಕೂಲಿನಲ್ಲಿ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ಎಂಬ ಇಬ್ಬರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ಆಟೋಟ ಮತ್ತಿತರ ಸ್ಪರ್ಧೆಗಳಿಗಾಗಿ ಅಲ್ಲಿನ ಮಕ್ಕಳು ದೂರದ ಶಾಲೆಗಳಿಗೆ ಹೋಗಬೇಕಾಗುತ್ತಿತ್ತು. ಹೀಗಾಗಿ ಮಧ್ಯಾಹ್ನದ ತರಗತಿಗಳು ತಪ್ಪುತ್ತಿದ್ದವು. ತಪ್ಪಿದವರಿಗೆ ಅದೇ ಪಾಠವನ್ನು ಮತ್ತೆ ಮತ್ತೆ ಹೇಳಿ ಅಧ್ಯಾಪಕರಿಗೂ ಸಾಕಾಗಿತ್ತು. 2007ರಲ್ಲಿ ಅವರು ಕಂಪ್ಯೂಟರ್ ಪರದೆಯ ಚಿತ್ರದ ಜೊತೆಗೆ ತಮ್ಮ ಮಾತನ್ನೂ ರೆಕಾರ್ಡ್ ಮಾಡಿ ಇಂಟರ್ನೆಟ್‌ನಲ್ಲಿ ಹಾಕತೊಡಗಿದರು.

ತಪ್ಪಿಸಿಕೊಂಡವರಿಗೆಂದು ಮಾಡಿದ ವಿಡಿಯೋಗಳನ್ನು ತರಗತಿಗೆ ಬಂದವರೂ ನೋಡತೊಡಗಿದರು. ಆಗ ಸ್ಯಾಮ್ಸ್ ಅವರಿಗೆ ಒಂದು ವಿಷಯ ಹೊಳೆಯಿತು. ಪಾಠ ಹೇಳುವಾಗ ಮಕ್ಕಳಿಗೆ ನಾವು ಎದುರಿನಲ್ಲೇ ಇರಬೇಕೆಂದಿಲ್ಲ. ಅವರಿಗೆ ನಾವು ಬೇಕಾಗುವುದು ಲೆಕ್ಕ ಬಿಡಿಸುತ್ತಾ ನಡುವೆ ಸಿಕ್ಕಿಹಾಕಿಕೊಂಡಾಗ. ಆದರೆ ಅದೇ ಹೊತ್ತಿಗೆ ಅವರು ಮನೆಯಲ್ಲಿರುತ್ತಾರೆ, ನಾವು ನಮ್ಮ ಮನೆಯಲ್ಲಿರುತ್ತೇವೆ. ಹಾಗಾದರೆ ಎರಡನ್ನೂ ಅದಲು ಬದಲು ಮಾಡಿದರೇನು? ಮುಂದಿನ ದಿನಗಳಲ್ಲಿ ಇಬ್ಬರೂ ತಮ್ಮ ಎಲ್ಲ ಪಾಠಗಳನ್ನೂ ಮೊದಲೇ ರೆಕಾರ್ಡ್ ಮಾಡಿಟ್ಟರು. ಈ ಅನುಭವವನ್ನು ಅವರು 2012ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಅವರ ಕ್ರಮದಲ್ಲಿ ಕೆಲವು ಅಂಶಗಳು ಗಮನಿಸುವಂತಿವೆ. ವಿಡಿಯೋ ನೋಡಿದರೆ ಮಾತ್ರ ಸಾಲದು, ನೋಟ್ಸ್ ಬರೆಯಬೇಕು, ಕನಿಷ್ಠ ಒಂದು ಪ್ರಶ್ನೆಯನ್ನಾದರೂ ತರಗತಿಗೆ ತರಬೇಕು. ಮನೆಯಲ್ಲಿ ಇಂಟರ್ನೆಟ್ ಇಲ್ಲದವರಿಗೆ ಪಾಠವನ್ನು ಡಿವಿಡಿಗೆ ಹಾಕಿ ಕೊಡುತ್ತಿದ್ದರು. ನೋಡದೆ ಬಂದವರು ತರಗತಿಯ ಹಿಂದೆ ಇಟ್ಟ ಕಂಪ್ಯೂಟರಿನಲ್ಲಿ ನೋಡಬೇಕಿತ್ತು, ಅಷ್ಟರ ಮಟ್ಟಿಗೆ ಅಧ್ಯಾಪಕರ ಸಹಾಯ ಅವರಿಗೆ ತಪ್ಪುತ್ತಿತ್ತು. ಉಳಿದ ಸಮಯವಿಡೀ ಅಧ್ಯಾಪಕರು ಬೆಂಚಿನಿಂದ ಬೆಂಚಿಗೆ ನಡೆಯುತ್ತಿದ್ದರು. ಇದರಿಂದ ದಿನವೂ ಪ್ರತಿಯೊಬ್ಬ ವಿದ್ಯಾರ್ಥಿಯ ಜೊತೆಗೆ ಒಂದೆರಡು ಮಾತಾದರೂ ಆಡಲು ಸಾಧ್ಯವಾಯಿತು ಎಂದು ಅವರು ಹೇಳುತ್ತಾರೆ.

ಎರಡನೆಯದಾಗಿ, ವಿಡಿಯೋದಲ್ಲಿರುವ ಟೀಚರನ್ನು ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು. ಇದು ಸಣ್ಣ ವಿಷಯವಲ್ಲ. ಖಾನ್ ಅಕಾಡೆಮಿಯ ಸಲ್ಮಾನ್ ಖಾನ್ ಅವರ ಹೆಸರನ್ನು ನೀವು ಕೇಳಿರಬಹುದು. ಬಂಗಾಳಿ ಮೂಲದ ಈ ಅಮೆರಿಕನ್ ಯುವಕ 2004ರಲ್ಲಿ ದೂರದ ಊರಿನಲ್ಲಿದ್ದ ಸಂಬಂಧಿ ಹುಡುಗಿಗೆ ಫೋನಿನ ಮೂಲಕ ಗಣಿತ ಕಲಿಸತೊಡಗಿದರು. ಕಲಿಯುವವರು ಹೆಚ್ಚಾದಾಗ, 2006ರಲ್ಲಿ ಪಾಠಗಳನ್ನು ಯೂಟ್ಯೂಬ್‌ಗೆ ಹಾಕಿದರು. ಆಗ ಆ ಸಂಬಂಧಿ ಮಕ್ಕಳು, ನೀವು ನೇರವಾಗಿ ಕಲಿಸುವುದಕ್ಕಿಂತ ಯೂಟ್ಯೂಬ್‌ನಲ್ಲಿರುವುದೇ ಚೆನ್ನಾಗಿದೆ ಎಂದರಂತೆ. ಮೊದಲು ಕೇಳುವಾಗ ಇದು ತಮಾಷೆಯಾಗಿ ಕಾಣುತ್ತದೆ. ಆದರೆ ಯೋಚಿಸಿ ನೋಡಿ. ಅದೇ ವಿಷಯವನ್ನು ನಾಲ್ಕನೇ ಸಲ ಕೇಳಲು ಯಾವ ಮಗುವಿಗೆ ನಾಚಿಕೆಯಾಗುವುದಿಲ್ಲ? ವಿಡಿಯೋ ಹುಬ್ಬು ಗಂಟಿಕ್ಕುವುದಿಲ್ಲ. ತರಗತಿಯಲ್ಲಿ ಕೈಯೆತ್ತಲು ಹೆದರುವ ಹುಡುಗಿಯರಿಗೆ ಇದು ದೊಡ್ಡ ಉಪಕಾರ.

ಕ್ಲಿಂಟನ್‌ಡೇಲ್‌ನ ಪ್ರಶ್ನೆ

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದುದು ಇನ್ನೊಂದು ಶಾಲೆಯ ಕಥೆ. ಡೆಟ್ರಾಯಿಟ್ ನಗರದ ಬಳಿಯ ಕ್ಲಿಂಟನ್‌ಡೇಲ್ ಹೈಸ್ಕೂಲಿನಲ್ಲಿ ಬಡ ಮನೆಗಳ ಮಕ್ಕಳೇ ಹೆಚ್ಚು. ಅಲ್ಲಿನ ಮುಖ್ಯ ಅಧ್ಯಾಪಕ ಗ್ರೆಗ್ ಗ್ರೀನ್ ಅವರಿಗೆ ಕಂಡದ್ದು ನನಗೆ ತಡವಾಗಿ ಕಂಡ ಅದೇ ಸತ್ಯ: ಸಹಾಯ ಮಾಡುವವರಿಲ್ಲದ ಮನೆಗೆ ಕಷ್ಟದ ಕೆಲಸವನ್ನು ಕಟ್ಟಿ ಕಳುಹಿಸುವುದು ನ್ಯಾಯವಲ್ಲ. 2010ರಲ್ಲಿ ಅವರು ತರಗತಿಗಳನ್ನು ಮಗುಚತೊಡಗಿದರು. ಮನೆಯಲ್ಲಿ ಸೌಲಭ್ಯವಿಲ್ಲದ ಮಕ್ಕಳು ಶಾಲೆಯ ಕಂಪ್ಯೂಟರ್‌ಗಳಲ್ಲೇ ಪಾಠ ನೋಡಲು ವ್ಯವಸ್ಥೆ ಮಾಡಿದರು. ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷ್‌ನಲ್ಲಿ ನಪಾಸಾಗುವವರು ಅರ್ಧಕ್ಕಿಂತ ಹೆಚ್ಚಿದ್ದರು, ಅದು ಶೇ. 19ಕ್ಕೆ ಇಳಿಯಿತು; ಗಣಿತದಲ್ಲಿ ಶೇ. 44 ಇದ್ದುದು ಶೇ. 13ಕ್ಕೆ ಬಂತು ಎಂದು ಶಾಲೆ ಹೇಳಿತು. ಇದು ಶಾಲೆಯೇ ಕೊಟ್ಟ ಲೆಕ್ಕ, ಆದುದರಿಂದ ಸ್ವಲ್ಪ ಎಚ್ಚರಿಕೆಯಿಂದಲೇ ನೋಡಬೇಕು. ಆದರೂ ಮೂಲ ವಿಚಾರ ಗಟ್ಟಿಯಾಗಿದೆ.

ಮಾತಿನಿಂದ ಮಾತಿಗೆ

ತರಗತಿಯ ಸಮಯ ಉಳಿಯಿತು ಎಂದಿಟ್ಟುಕೊಳ್ಳಿ. ಅದನ್ನು ಏನು ಮಾಡುವುದು? ಇದಕ್ಕೆ ಉತ್ತರ ಹುಡುಕಿದವರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಝೂರ್ ಪ್ರಮುಖರು. ಅವರ ಪಾಠವನ್ನು ವಿದ್ಯಾರ್ಥಿಗಳು ಮೆಚ್ಚುತ್ತಿದ್ದರು, ಪರೀಕ್ಷೆಯಲ್ಲೂ ಒಳ್ಳೆಯ ಅಂಕ ಪಡೆಯುತ್ತಿದ್ದರು. 1990ರಲ್ಲಿ ಅವರು ಬಲದ ಬಗ್ಗೆ ಸರಳವಾದ ಒಂದು ಪ್ರಶ್ನೆಪತ್ರಿಕೆ ಕೊಟ್ಟು ನೋಡಿದರು. ಭಾರದ ಲಾರಿಯೊಂದು ಸಣ್ಣ ಕಾರಿಗೆ ಡಿಕ್ಕಿ ಹೊಡೆದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎಂಬಂತಹ ಪ್ರಶ್ನೆಗಳು. ಎರಡೂ ಸಮ ಎಂಬುದು ಸರಿಯುತ್ತರ. ದೊಡ್ಡ ದೊಡ್ಡ ಲೆಕ್ಕ ಬಿಡಿಸುತ್ತಿದ್ದ ವಿದ್ಯಾರ್ಥಿಗಳಲ್ಲಿ ಅನೇಕರು ಇಲ್ಲಿ ಎಡವಿದರು. ಸೂತ್ರ ಬಾಯಿಪಾಠವಾಗಿತ್ತು, ವಿಷಯ ತಲೆಗೆ ಹೋಗಿರಲಿಲ್ಲ.

ಮಝೂರ್ ಎರಡು ಮೂರು ಬಗೆಯಲ್ಲಿ ವಿವರಿಸಿ ನೋಡಿದರು. ಮುಖಗಳಲ್ಲಿ ಗೊಂದಲ ಹಾಗೆಯೇ ಇತ್ತು. ಬೇರೆ ದಾರಿ ಕಾಣದೆ, ನೀವು ನೀವೇ ಪಕ್ಕದವರ ಜೊತೆ ಚರ್ಚಿಸಿ ಎಂದರು. ಸಭಾಂಗಣ ಗದ್ದಲವಾಯಿತು. ಕೆಲವೇ ನಿಮಿಷಗಳಲ್ಲಿ ವಿದ್ಯಾರ್ಥಿಗಳು ಪರಸ್ಪರ ಹೇಳಿಕೊಟ್ಟು ವಿಷಯ ತಿಳಿದುಕೊಂಡಿದ್ದರು. ಇದಕ್ಕೆ ಕಾರಣವೂ ಇದೆ. ಈಗಷ್ಟೇ ಕಲಿತವನಿಗೆ ತಾನು ಎಲ್ಲಿ ಎಡವಿದ್ದೆ ಎಂಬುದು ನೆನಪಿರುತ್ತದೆ. ವರ್ಷಗಳ ಹಿಂದೆ ಕಲಿತ ಪ್ರಾಧ್ಯಾಪಕನಿಗೆ ಅದು ಮರೆತುಹೋಗಿರುತ್ತದೆ. ಅಂದಿನಿಂದ ಅವರು ಪಾಠವನ್ನು ಮೊದಲೇ ಓದಿಕೊಂಡು ಬರಲು ಹೇಳಿ, ತರಗತಿಯಲ್ಲಿ ಪ್ರಶ್ನೆ ಕೇಳಿ ಚರ್ಚಿಸುವ ಕ್ರಮ ಬೆಳೆಸಿದರು. 1997ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಗಮನಿಸಿ, ಆಗ ಯೂಟ್ಯೂಬ್ ಹುಟ್ಟಿರಲಿಲ್ಲ. ಅವರ ವಿದ್ಯಾರ್ಥಿಗಳು ಮನೆಯಲ್ಲಿ ನೋಡುತ್ತಿದ್ದುದು ಪುಸ್ತಕವನ್ನೇ.

ಹಾಗೆ ನೋಡಿದರೆ ನಮಗೂ ಇದು ಪೂರ್ತಿ ಹೊಸದಲ್ಲ. ಹಳೆಯ ಅರಬಿ ಮದ್ರಸಾಗಳಲ್ಲಿ ವಿದ್ಯಾರ್ಥಿ ಮರುದಿನದ ಪಾಠವನ್ನು ಹಿಂದಿನ ರಾತ್ರಿಯೇ ತಾನಾಗಿ ಓದಿ, ಎಲ್ಲಿ ಅರ್ಥವಾಗಲಿಲ್ಲವೆಂದು ಗುರುತು ಮಾಡಿಕೊಂಡು ಹೋಗಬೇಕಿತ್ತು. ಅದಕ್ಕೆ ‘ಮುತಾಲಅ’ ಎಂದು ಹೆಸರು. ಪಾಠ ಮುಗಿದ ಮೇಲೆ ಸಹಪಾಠಿಗಳು ಗುಂಪಾಗಿ ಕುಳಿತು ಒಬ್ಬರಿಗೊಬ್ಬರು ಅದನ್ನೇ ಮತ್ತೆ ಹೇಳಿಕೊಳ್ಳುವುದಕ್ಕೆ ‘ತಕ್ರಾರ್’ ಎನ್ನುತ್ತಿದ್ದರು. ನಾವು ಜಗಳಕ್ಕೆ, ಆಕ್ಷೇಪಕ್ಕೆ ಹೇಳುವ ‘ತಕರಾರು’ ಇದೇ ಮಾತು. ಅರಬಿಯಲ್ಲಿ ಅದರ ಅರ್ಥ ಮತ್ತೆ ಮತ್ತೆ ಹೇಳುವುದು ಎಂದು.

ಅರ್ಧ ಮಾತ್ರ ಮಗುಚಿದರೆ

ಇಲ್ಲಿಯವರೆಗೆ ಓದಿದ ತಾಯಂದಿರಿಗೆ 2020 ನೆನಪಾಗಿರಬಹುದು. ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಪಾಠಗಳು ಮೊಬೈಲಿಗೆ ಬಂದವು. ಜುಲೈಯಿಂದ ಹೈಸ್ಕೂಲ್ ಮಕ್ಕಳಿಗಾಗಿ ದೂರದರ್ಶನದ ಚಂದನದಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. “ಮನೆಯಲ್ಲಿ ವಿಡಿಯೋ ಪಾಠವೆಂದರೆ ಅದೇ ತಾನೇ? ಅದರಿಂದ ನಮ್ಮ ಮಕ್ಕಳು ಏನು ಕಲಿತರು?” ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆಯಿದು.

ಅಂದು ನಡೆದದ್ದು ಮಗುಚಿದ ತರಗತಿಯ ಅರ್ಧ ಭಾಗ ಮಾತ್ರ. ಪಾಠ ಮನೆಗೆ ಬಂತು. ಆದರೆ ಲೆಕ್ಕ ಮಾಡುವಾಗ ಪಕ್ಕದಲ್ಲಿ ಇರಬೇಕಾದ ಟೀಚರ್ ಇರಲಿಲ್ಲ. ಅಂದರೆ ಸುಲಭದ ಕೆಲಸವೂ ಮನೆಯಲ್ಲೇ, ಕಷ್ಟದ ಕೆಲಸವೂ ಮನೆಯಲ್ಲೇ. ಆ ಕೊರತೆಯನ್ನು ಕೊಂಚ ತುಂಬಿದ್ದು 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’. ಶಿಕ್ಷಕರು ಹಳ್ಳಿಗೇ ಹೋಗಿ, ಮರದಡಿಯಲ್ಲಿ, ಜಗಲಿಗಳಲ್ಲಿ ಸಣ್ಣ ಸಣ್ಣ ಗುಂಪುಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆದರೆ ಮಕ್ಕಳಿಗೆ ಯಾವುದು ಹೆಚ್ಚು ಬೇಕಾಗಿತ್ತು ಎಂಬುದನ್ನು ಆ ಜಗಲಿಗಳು ತೋರಿಸಿಕೊಟ್ಟವು.

ಇಂದು ನಮ್ಮ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಇದೆ. ಮೊಬೈಲಿನಲ್ಲಿ ‘ದೀಕ್ಷಾ’ ಆ್ಯಪ್ ಮೂಲಕ ಅದನ್ನು ತೋರಿಸಿದರೆ ಪಾಠ ತೆರೆದುಕೊಳ್ಳುತ್ತದೆ. ಆದುದರಿಂದ ವಿಡಿಯೋಗೆ ಬರವಿಲ್ಲ. ಕೊರತೆಯಿರುವುದು ಉಳಿದರ್ಧಕ್ಕೆ. ತರಗತಿಯಲ್ಲಿ ಟೀಚರ್ ಮತ್ತೆ ಬೋರ್ಡಿನ ಮುಂದೆ ನಿಂತು ಅದನ್ನೇ ಮೊದಲಿನಿಂದ ಹೇಳಿ, ಲೆಕ್ಕವನ್ನೂ ಮನೆಗೆ ಕಳುಹಿಸಿದರೆ ಮಗುವಿನ ಮೇಲೆ ಎರಡು ಹೊರೆ ಬೀಳುತ್ತದೆ. ವಿಡಿಯೋ ಕಳುಹಿಸುವ ಶಾಲೆಯನ್ನು ಪಾಲಕರು ಕೇಳಬೇಕಾದ ಮೊದಲ ಪ್ರಶ್ನೆ ಇದು: “ಪಾಠ ಮನೆಗೆ ಬಂತು ಸರಿ, ಹೋಂವರ್ಕ್ ಶಾಲೆಗೆ ಹೋಯಿತೇ?”

ಯಾರಿಗೆ ಲಾಭ?

ಈ ಪದ್ಧತಿಯನ್ನು ಹೊಗಳುವವರು ಸಾಮಾನ್ಯವಾಗಿ ಹೇಳದ ಒಂದು ವಿಷಯವಿದೆ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಯಾವ ತರಗತಿಗೆ ಯಾವ ಕ್ರಮವೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ಹೋಲಿಸಿದರು. ಅರ್ಥಶಾಸ್ತ್ರದಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಗಣಿತದಲ್ಲಿ ಆರಂಭದಲ್ಲಿ ಲಾಭ ಕಂಡಿತು, ಕೊನೆಯ ಪರೀಕ್ಷೆಯ ಹೊತ್ತಿಗೆ ಅದೂ ಉಳಿಯಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಲಾಭ ಹೆಚ್ಚಾಗಿ ಸಿಕ್ಕಿದ್ದು ಬಿಳಿಯ ಗಂಡು ವಿದ್ಯಾರ್ಥಿಗಳಿಗೆ, ಮೊದಲೇ ಮುಂದಿದ್ದವರಿಗೆ. ಹಿಂದಿದ್ದವರು ಮತ್ತು ಮುಂದಿದ್ದವರ ನಡುವಿನ ಅಂತರ ಕಡಿಮೆಯಾಗುವ ಬದಲು ಹೆಚ್ಚಾಯಿತು.

ಒಂದೇ ಹಾಸ್ಟೆಲಿನಲ್ಲಿದ್ದು, ಒಂದೇ ಸೌಲಭ್ಯ ಪಡೆಯುವ ಅಲ್ಲಿನ ವಿದ್ಯಾರ್ಥಿಗಳಲ್ಲೇ ಹೀಗಾದರೆ, ನಮ್ಮ ಮನೆಗಳ ಗತಿಯೇನು? ಮನೆಯಲ್ಲಿ ಒಂದೇ ಮೊಬೈಲ್ ಇರುತ್ತದೆ, ಅದು ತಂದೆಯ ಜೊತೆಗೆ ಕೆಲಸಕ್ಕೆ ಹೋಗುತ್ತದೆ. ರಾತ್ರಿ ಬಂದ ಮೇಲೆ ಮೊದಲು ಮಗನ ಕೈಗೆ, ಕೊನೆಗೆ ಮಗಳ ಕೈಗೆ. ಅಷ್ಟು ಹೊತ್ತಿಗೆ ಅವಳು ಪಾತ್ರೆ ತೊಳೆದು, ತಮ್ಮನನ್ನು ಮಲಗಿಸಿ, ತೂಕಡಿಸುತ್ತಿರುತ್ತಾಳೆ. ಇಂತಹ ಮನೆಯಲ್ಲಿ ಅಧ್ಯಾಪಕರು ಮಗುಚಿದ್ದು ತರಗತಿಯನ್ನು ಮಾತ್ರ, ಮನೆ ಮೊದಲಿನ ಹಾಗೆಯೇ ಉಳಿಯಿತು. ಮಗಳ ಓದಿಗೆ ಮೀಸಲಾದ ಅರ್ಧ ಗಂಟೆ ಸಿಗದಿದ್ದರೆ ಕೊಲರಾಡೊದ ಪದ್ಧತಿಯೂ ಅವಳನ್ನು ಉಳಿಸದು.

ಏನು ಮಾಡಬಹುದು?

ಅಧ್ಯಾಪಕಿಯರಲ್ಲಿ ನನ್ನದೊಂದು ವಿನಂತಿ. ಇಡೀ ವರ್ಷದ ಪಾಠವನ್ನು ಒಮ್ಮೆಲೇ ಮಗುಚಲು ಹೋಗಬೇಡಿ. ವಾರಕ್ಕೊಂದು ಪೀರಿಯಡ್‌ನಿಂದ ಆರಂಭಿಸಿ. ವಿಡಿಯೋವೇ ಆಗಬೇಕೆಂದಿಲ್ಲ, ಪಠ್ಯಪುಸ್ತಕದ ಎರಡು ಪುಟ ಸಾಕು. ವಿಡಿಯೋ ಆದರೆ ಹತ್ತು ನಿಮಿಷ ಮೀರದಿರಲಿ. ಮೊಬೈಲ್ ಇಲ್ಲದ ಮಕ್ಕಳಿಗೆ ಶಾಲೆಯಲ್ಲೇ ಬೆಳಿಗ್ಗೆ ಅಥವಾ ಮಧ್ಯಾಹ್ನದ ಬಿಡುವಿನಲ್ಲಿ ನೋಡಲು ಅನುಕೂಲ ಮಾಡಿಕೊಡಿ. “ಪೋರ್ಷನ್ ಮುಗಿಯುವುದು ಹೇಗೆ?” ಎಂಬ ಭಯ ನಿಮಗಿರುವುದು ನನಗೆ ಗೊತ್ತು, ನನಗೂ ಇತ್ತು. ಆದರೆ ನಾವು ಮುಗಿಸಿದ ಪೋರ್ಷನ್‌ನಲ್ಲಿ ಮಕ್ಕಳಿಗೆ ಹತ್ತಿದ್ದು ಎಷ್ಟು ಎಂದು ಒಮ್ಮೆ ಪ್ರಾಮಾಣಿಕವಾಗಿ ಲೆಕ್ಕ ಹಾಕಿ ನೋಡಿ. ಸಣ್ಣ ತರಗತಿಯ ಮಕ್ಕಳಿಗೆ ಮಾತ್ರ ಇದನ್ನು ಹೇರಬೇಡಿ. ತಾವಾಗಿ ಕುಳಿತು ಪಾಠ ಕೇಳುವ ವಯಸ್ಸು ಅವರದಲ್ಲ.

ಇನ್ನು ತಾಯಂದಿರಿಗೆ. “ನನಗೆ ಓದಲು ಬರುವುದಿಲ್ಲ, ನಾನೇನು ಮಾಡಲಿ?” ಎಂದು ಹಿಂದೆ ಸರಿಯಬೇಡಿ. ಈ ಪದ್ಧತಿಯಲ್ಲಿ ನಿಮಗೆ ಲೆಕ್ಕ ಬರಬೇಕಾಗಿಲ್ಲ. ಮಗಳು ವಿಡಿಯೋ ನೋಡುವಾಗ ಅಥವಾ ಪಾಠ ಓದುವಾಗ ಹತ್ತಿರದಲ್ಲಿರಿ. ಫೋನ್ ಪಾಠದಿಂದ ಆಟಕ್ಕೆ ಜಾರದಂತೆ ನೋಡಿಕೊಳ್ಳಿ. ಮುಗಿದ ಮೇಲೆ ಎರಡೇ ಪ್ರಶ್ನೆ ಕೇಳಿ: “ಏನು ಹೇಳಿದರು, ನನಗೂ ಹೇಳು ನೋಡೋಣ”, “ಎಲ್ಲಿ ಗೊತ್ತಾಗಲಿಲ್ಲ?” ನಿಮಗೆ ಹೇಳುತ್ತಾ ಹೇಳುತ್ತಾ ಅರ್ಧ ಪಾಠ ಅವಳಿಗೇ ತಿಳಿಯುತ್ತದೆ. ಗೊತ್ತಾಗದ ಜಾಗವನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಲು ಹೇಳಿ. ನಾಳೆ ತರಗತಿಯಲ್ಲಿ ಟೀಚರ್ ಹತ್ತಿರ ಬಂದಾಗ ಕೈಯಲ್ಲಿ ಪ್ರಶ್ನೆ ಸಿದ್ಧವಾಗಿರಲಿ.

ನಿಮ್ಮ ಶಾಲೆ ಹಳೆಯ ಕ್ರಮದಲ್ಲೇ ಇದ್ದರೂ ಈ ಚೀಟಿ ಕೆಲಸಕ್ಕೆ ಬರುತ್ತದೆ. ಲೆಕ್ಕ ಬಾರದೆ ಬಾಗಿಲ ಬಳಿ ಬಂದು ನಿಂತ ಮಗಳಿಗೆ, “ಅಣ್ಣ ಬಂದ ಮೇಲೆ ಕೇಳು” ಎನ್ನುವ ಬದಲು, ಒಲೆಯ ಉರಿ ಸಣ್ಣದು ಮಾಡಿ ಹೀಗೆ ಹೇಳಿ ನೋಡಿ: “ಎಲ್ಲಿಯವರೆಗೆ ಬಂತು ತೋರಿಸು. ಎಲ್ಲಿ ನಿಂತಿತೋ ಅಲ್ಲಿ ಒಂದು ಗೆರೆ ಹಾಕು. ಉಳಿದದ್ದನ್ನು ನಾಳೆ ಟೀಚರ್ ಹತ್ತಿರ ಕೇಳು, ಹೆದರಬೇಡ.”

ಆ ಗೆರೆಯನ್ನು ನೋಡಿದ ಯಾವ ಅಧ್ಯಾಪಕಿಯೂ ಆ ಮಗುವನ್ನು ಸೋಮಾರಿ ಎನ್ನಲಾರಳು. ನನಗೆ ಅಂತಹ ಒಂದು ಗೆರೆಯನ್ನು ಯಾರಾದರೂ ತೋರಿಸಿದ್ದರೆ, ನನ್ನ ತರಗತಿಯ ಆ ಐದಾರು ಮಕ್ಕಳು ದಿನವೂ ಎದ್ದು ನಿಲ್ಲಬೇಕಾಗಿರಲಿಲ್ಲ.